ಟಾಲಾದ ಕುಂಬಳಕಾಯಿ ಕಳ್ಳ

ನಮ್ಮ ಮನೆಯ ಮುಂಬಾಗಿಲ ಹಿಂದೆ ಒಂದು ಕಪ್ಪು ಹೂಡಿ ನೇತಾಡುತ್ತಿದೆ. ಹೂಡಿ ಎಂದರೆ ನಿಮಗೆ ಗೊತ್ತು, ಕತ್ತಿನ ಹಿಂದೆ ಟೋಪಿಯನ್ನೂ ಸೇರಿಸಿ ಹೊಲಿದ ಬೆಚ್ಚನೆಯ ಅಂಗಿ. ಅದರ ಬಲತೋಳಿನ ಮೇಲೆ ಅಂಗೈಯಗಲದ ಕೆಂಪು ಕಲೆಯಿದೆ. ಮೂರು ಬಗೆಯ ಸೋಪಿನ ಪುಡಿಗಳು ಅದರ ಮುಂದೆ ಸೋತಿವೆ. ನನ್ನ ಹೆಂಡತಿ ವಾಣಿ ಅದು ಕಣ್ಣಿಗೆ ಬಿದ್ದಾಗಲೆಲ್ಲ ಎಸೆದುಬಿಡು ಎನ್ನುತ್ತಾಳೆ. ನಾನು ಎಸೆಯುವುದಿಲ್ಲ. ಮನೆಗೆ ಬಂದವರು ಆ ಕಲೆಯನ್ನು ನೋಡಿ, ನನ್ನ ಮುಖ ನೋಡಿ, ಮತ್ತೆ ಕಲೆಯನ್ನು ನೋಡಿದಾಗ ನನಗೆ ಒಳಗೊಳಗೇ ಖುಷಿಯಾಗುತ್ತದೆ. ಹುಟ್ಟಿದಾಗಿನಿಂದ ನನ್ನನ್ನು ನೋಡಿ ಯಾರೂ ಹೆದರಿದವರಲ್ಲ. ಆಫೀಸಿನಲ್ಲಿ ನನ್ನ ಕೈಕೆಳಗಿನವರೇ ನನ್ನ ಹತ್ತಿರ ರಜೆ ಕೇಳುವುದಿಲ್ಲ, ತಿಳಿಸುತ್ತಾರೆ.

ಈ ಹೂಡಿಯನ್ನು ನಾನು ಕೊಂಡದ್ದು ಚಳಿಗೆ ಅಲ್ಲ, ಸಿನಿಮಾದ ಹುಚ್ಚಿಗೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ರೂಂಮೇಟ್ ಒಬ್ಬನ ಹಾರ್ಡ್‌ಡಿಸ್ಕಿನ ತುಂಬ ಬ್ರಿಟಿಷ್ ಕ್ರೈಂ ಸಿನಿಮಾಗಳಿದ್ದವು. ಸಬ್‌ಟೈಟಲ್ ಇರಲಿಲ್ಲ. ಆ ಜನ ಆಡುವ ಇಂಗ್ಲಿಷಿನಲ್ಲಿ ನಮಗೆ ತಿಳಿಯುತ್ತಿದ್ದದ್ದು ಬೈಗುಳ ಮಾತ್ರ. ಮಾತು ತಿಳಿಯದವನು ಕಣ್ಣಿನಲ್ಲೇ ಕಥೆ ಹಿಡಿಯಬೇಕು. ಹಾಗೆ ಹಿಡಿದು ಹಿಡಿದು ಆ ಸಿನಿಮಾಗಳ ಕಟ್ಟುಪಾಡೆಲ್ಲ ನನಗೆ ಬಾಯಿಪಾಠವಾಯಿತು. ಸೆಮಿಸ್ಟರಿನ ಪಾಠ ಆಗಲಿಲ್ಲ, ಅದು ಬೇರೆ ಮಾತು.

ನೀವು ಅಂಥದ್ದೊಂದು ನೋಡಿದ್ದರೂ ಸಾಕು, ಎಲ್ಲ ನೋಡಿದ ಹಾಗೆ. ಆ ಊರಿಗೆ ಸೂರ್ಯ ಬರುವುದಿಲ್ಲ. ಆಕಾಶ, ಕಟ್ಟಡ, ರಸ್ತೆ, ಹೀರೋನ ಮುಖ, ಎಲ್ಲಕ್ಕೂ ಹಸಿ ಸಿಮೆಂಟಿನ ಬಣ್ಣ. ಹದಿನೈದು ಮಹಡಿಯ ವಸತಿ ಕಟ್ಟಡದಲ್ಲಿ ಲಿಫ್ಟು ಕೆಟ್ಟೇ ಇರುತ್ತದೆ, ಏಕೆಂದರೆ ಮೆಟ್ಟಿಲಿನಲ್ಲಿ ಯಾರೋ ಕಾದು ನಿಂತಿರಬೇಕು. ಹೀರೋ ಮೊದಲ ದೃಶ್ಯದಲ್ಲಿ ಜೈಲಿನಿಂದ ಹೊರಗೆ ಬರುತ್ತಾನೆ, ಅವನ ಆಸ್ತಿಯೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಇನ್ನು ಮೇಲೆ ನೆಟ್ಟಗೆ ಬದುಕುತ್ತೇನೆ ಎನ್ನುತ್ತಾನೆ, ಪಾಪ. ಆಗ ಹಳೆಯ ಗೆಳೆಯ ಪಕ್ಕದಲ್ಲಿ ಕಾರು ನಿಲ್ಲಿಸಿ ಇದೊಂದು ಕೆಲಸ, ಇದೇ ಕೊನೆಯದು ಎನ್ನುತ್ತಾನೆ. ಕೊನೆಯದು ಎಂದ ಕೆಲಸ ಸುಸೂತ್ರವಾಗಿ ಮುಗಿದ ಸಿನಿಮಾವನ್ನು ನಾನು ಇನ್ನೂ ನೋಡಿಲ್ಲ. ಶುಕ್ರವಾರ ಸಂಜೆ ನಮ್ಮ ಮ್ಯಾನೇಜರು ಇದೊಂದು ಸಣ್ಣ ಬದಲಾವಣೆ ಎಂದಾಗಲೂ ನನಗೆ ಆ ಕಾರೇ ಕಣ್ಣಮುಂದೆ ಬರುತ್ತದೆ.

ನಮ್ಮ ಕಡೆಯ ಸಿನಿಮಾದ ರೌಡಿ ಕೂಗಾಡುತ್ತಾನೆ, ಮೇಜು ಒದೆಯುತ್ತಾನೆ. ಅಲ್ಲಿಯ ದೊಡ್ಡ ತಲೆ ಹಾಗಲ್ಲ. ಮೆತ್ತಗೆ ಮಾತಾಡುತ್ತಾನೆ, ನಿಮ್ಮಮ್ಮ ಹೇಗಿದ್ದಾರೆ ಎಂದು ಕೇಳುತ್ತಾನೆ, ಟೀ ಕುಡಿಯುತ್ತೀಯಾ ಎಂದು ಕೆಟಲ್‌ಗೆ ನೀರು ತುಂಬುತ್ತಾನೆ. ನೀರು ಕುದಿದು ಕೆಟಲ್ ಕ್ಲಿಕ್ ಎಂದಿತೋ, ಆ ಅಡುಗೆಮನೆಯಲ್ಲಿ ಒಬ್ಬನ ಆಯುಸ್ಸು ಮುಗಿದ ಹಾಗೆ. ಇನ್ನು ಕಾರಿನ ಡಿಕ್ಕಿ. ಕ್ಯಾಮೆರಾವನ್ನು ಡಿಕ್ಕಿಯೊಳಗೇ ಇಟ್ಟಿರುತ್ತಾರೆ. ಡಿಕ್ಕಿ ತೆರೆದಾಗ ಟೋಪಿ ಏರಿಸಿದ ಇಬ್ಬರು ಮೇಲಿನಿಂದ ಬಗ್ಗಿ ನೋಡುತ್ತಾರೆ, ಒಳಗೇನಿದೆ ಎಂದು ನಮಗೆ ತೋರಿಸುವುದಿಲ್ಲ. ಟೋಪಿ ತಲೆಯ ಮೇಲಿದ್ದರೆ ಕೆಟ್ಟ ಸುದ್ದಿ, ಹಿಂದಕ್ಕೆ ಸರಿಸಿದರೆ ಅಮ್ಮನ ಮುಂದೆ ನಿಂತಿದ್ದಾನೆ ಎಂದು ಅರ್ಥ. ಹೀರೋನ ಗೋಡೆಯ ಮೇಲೆ ಒಂದು ಸಮುದ್ರದ ಚಿತ್ರ ಅಂಟಿಸಿರುತ್ತದೆ. ನಾಳೆ ಈ ಊರು ಬಿಟ್ಟು ಅಲ್ಲಿಗೆ ಹೋಗುತ್ತೇನೆ ಎನ್ನುತ್ತಾನೆ. ಹಾಗೆಂದವನು ಎಂದೂ ಊರು ಬಿಟ್ಟದ್ದಿಲ್ಲ.

ಟೋಪಿಯ ಈ ನಿಯಮವನ್ನು ಮೈಸೂರಿಗೆ ಅನ್ವಯಿಸಿದರೆ ಮಾತ್ರ ಕಷ್ಟ. ಡಿಸೆಂಬರಿನ ಬೆಳಗ್ಗೆ ಸರಸ್ವತಿಪುರಂನಲ್ಲಿ ಒಬ್ಬ ಮರ್ಯಾದಸ್ಥನೂ ಸಿಗುವುದಿಲ್ಲ. ನಮ್ಮ ತಾತ ಮೇಷ್ಟರಾಗಿ ರಿಟೈರಾದವರು. ಚಳಿಗಾಲದಲ್ಲಿ ಮಂಕಿ ಕ್ಯಾಪು, ಅದರ ಮೇಲೊಂದು ಮಫ್ಲರು ಬಿಗಿದರೆ ಎರಡು ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಹಾಲಿನ ಬೂತಿನ ಮುಂದೆ ಅದೇ ವೇಷದ ಇನ್ನೈದು ಜನ ಗುಂಪುಗೂಡಿ ಪಿಸುಪಿಸು ಮಾತಾಡುತ್ತಿದ್ದರು. ಮಾತೆಲ್ಲ ಮಂಡಿನೋವು, ಪಿಂಚಣಿ, ಯಾರ ಮಗಳಿಗೆ ಯಾರು ಗೊತ್ತಾದರು ಎಂಬುದು. ಚಳಿ ಕಳೆದು ಟೋಪಿ ತೆಗೆದ ಮೇಲೆ ಅವರಲ್ಲಿ ಮೂವರ ಗುರುತು ನನಗೆ ಸಿಗಲೇ ಇಲ್ಲ. ಇಷ್ಟು ಕಂಡು ಬೆಳೆದವನಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಹೀಗೆ ತಲೆ ತುಂಬಿಸಿಕೊಂಡವನು ಕೆಲಸದ ಪರ್ಮಿಟ್ ಹಿಡಿದು ಡಬ್ಲಿನ್‌ಗೆ ಬಂದೆ. ವಾಣಿ ಡಾಕ್ಟರು, ಅವಳಿಗೆ ಡಬ್ಲಿನ್ನಿನ ಅಂಚಿನ ಟಾಲಾದ ಆಸ್ಪತ್ರೆಯಲ್ಲಿ ಕೆಲಸ. ಹತ್ತಿರದ ಬಡಾವಣೆಯಲ್ಲೇ ಮನೆ ಹಿಡಿದೆವು. ಮೊದಲ ಬೆಳಗ್ಗೆ ಪರದೆ ಸರಿಸಿದರೆ ಆಕಾಶಕ್ಕೆ ಹಸಿ ಸಿಮೆಂಟಿನ ಬಣ್ಣ. ಪಕ್ಕದ ಮನೆಯ ಗೇಟಿನಲ್ಲಿ ಒಬ್ಬ ಟೋಪಿ ಏರಿಸಿಕೊಂಡು ನಿಂತಿದ್ದ. ನನಗೆ ರೋಮಾಂಚನವಾಯಿತು.

ಅವನ ಹೆಸರು ಡೆಕ್ಲನ್. ಐವತ್ತೈದರ ಆಸುಪಾಸು, ಬೋಳಿಸಿದ ತಲೆ, ಕತ್ತಿನ ಮೇಲೆ ಹಚ್ಚೆ, ಒಂದು ಬಿಳಿ ವ್ಯಾನು, ರೋಸಿ ಎಂಬ ಗಿಡ್ಡ ಕಾಲಿನ ದಪ್ಪ ಬಿಳಿ ನಾಯಿ. ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪ್ರತಿ ಶನಿವಾರ ಬೆಳಗ್ಗೆ ಅವನೂ ಅವನ ತಮ್ಮನೂ ಟಾರ್ಪಾಲಿನಲ್ಲಿ ಸುತ್ತಿ ಹಗ್ಗ ಬಿಗಿದ ಆಳುದ್ದದ ಸುರುಳಿಯೊಂದನ್ನು ಏದುಸಿರು ಬಿಡುತ್ತ ಹೊತ್ತು ತಂದು ವ್ಯಾನಿಗೆ ಹಾಕುತ್ತಿದ್ದರು. ನಡುವೆ ಅದು ಜೋತು ಬೀಳುತ್ತಿತ್ತು. ಸಂಜೆ ಮರಳಿ ಬಂದು ಪೈಪು ಹಿಡಿದು ವ್ಯಾನಿನ ಒಳಗನ್ನೆಲ್ಲ ತೊಳೆಯುತ್ತಿದ್ದರು. ನಾನು ಪರದೆಯ ಸಂದಿಯಿಂದ ವಾಣಿಗೆ ತೋರಿಸಿದೆ.

"ನೋಡ್ದಾ? ಪ್ರತಿ ವಾರ ಒಂದು," ಎಂದೆ.

ಅವಳು ಒಂದು ಕ್ಷಣ ನೋಡಿದಳು. "ರಘು, ನಾನು ಹೆಣ ನೋಡಿರೋಳು. ಹೆಣ ಹಂಗೆ ಬಾಗಲ್ಲ. ಬಾ, ದೋಸೆ ತಿನ್ನು," ಎಂದಳು.

ಒಂದೂವರೆ ವರ್ಷ ಡೆಕ್ಲನ್‌ಗೂ ನನಗೂ ನಡೆದ ಸಂಭಾಷಣೆ ಒಂದು ಹಾಯ್ ಮಾತ್ರ. ಅವನು ಕಂಡರೆ ನಾನು ಹೂಡಿಯ ಟೋಪಿ ಏರಿಸಿ ಸರಸರ ಮನೆ ಸೇರುತ್ತಿದ್ದೆ. ನಾನೂ ಸಾಮಾನ್ಯನಲ್ಲ ಎಂದು ಅವನಿಗೂ ಅನ್ನಿಸಲಿ ಎಂಬ ಆಸೆ ಬೇರೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ವಾಣಿಗೆ ಐರ್ಲೆಂಡಿನ ದೂರದ ವಾಯವ್ಯ ಮೂಲೆಯ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಅವಳು ಬಹಳ ದಿನದಿಂದ ಆಸೆಪಟ್ಟಿದ್ದ ಹುದ್ದೆ ಸಿಕ್ಕಿತು. ಜನವರಿಯಿಂದ ಸೇರಬೇಕು. ಆದರೆ ಲೆಟರ್‌ಕೆನ್ನಿಗೆ ರೈಲಿಲ್ಲ. ಅಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕು, ಕಾರು ಓಡಿಸಲು ಬರದಿದ್ದರೆ ಆಗದು. ವಾಣಿ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ರೌಂಡ್‌ಅಬೌಟಿನಲ್ಲೇ. ಯಾರೋ ಬರುತ್ತಿದ್ದಾರೆ ಎಂದು ನಿಂತವಳು, ಅವರು ಹೋದ ಮೇಲೂ ನಿಂತೇ ಇದ್ದಳು. ಮೂರನೆಯ ಪರೀಕ್ಷೆ ಅಕ್ಟೋಬರಿನ ಒಂದು ಗುರುವಾರ. ಹುದ್ದೆಗೆ ಒಪ್ಪಿಗೆ ಕೊಡಲು ಶುಕ್ರವಾರವೇ ಕಡೆಯ ದಿನ. ಈ ಸಲ ತಪ್ಪಿದರೆ ಇನ್ನೊಂದು ತಾರೀಕು ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಫೇಲಾದರೆ ಹುದ್ದೆ ಬೇಡ ಎಂದು ಬರೆದುಬಿಡುತ್ತೇನೆ ಎಂದು ಅವಳು ತೀರ್ಮಾನಿಸಿದ್ದಳು. ಹೇಳಿದ್ದು ನಗುತ್ತಲೇ. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದಳು.

ಆ ಗುರುವಾರ ವಿಜಯದಶಮಿ. ಫೋನಿನಲ್ಲಿ ಮೈಸೂರಿನಿಂದ ಅಮ್ಮ, "ಅದಕ್ಕಿಂತ ಒಳ್ಳೇ ದಿನ ಬೇಕೇನೋ? ಹಿಂದಿನ ದಿನ ಆಯುಧ ಪೂಜೆ. ಕಾರಿಗೆ ಕುಂಬಳಕಾಯಿ ಒಡೀರಿ, ದೃಷ್ಟಿ ತೆಗೀರಿ. ಎರಡು ಸಲ ಫೇಲಾಗಿರೋದು ಅದಕ್ಕೇನೇ," ಎಂದಳು.

ಬುಧವಾರ ನಾನೂ ವಾಣಿಯೂ ರಜೆ ಹಾಕಿದೆವು. ಮಧ್ಯಾಹ್ನ ಒಂದು ಮೆಸೇಜು ಬಂತು. ಇಲ್ಲಿಯ ನಿಯಮವೆಂದರೆ ಎಲ್ ಬೋರ್ಡಿನವರು ಒಬ್ಬರೇ ಕಾರು ಓಡಿಸುವಂತಿಲ್ಲ. ಪಕ್ಕದಲ್ಲಿ ಹಳೆಯ ಲೈಸೆನ್ಸಿನ ಒಬ್ಬರು ಕೂರಬೇಕು. ನನ್ನದೂ ಎಲ್ ಬೋರ್ಡೇ, ನಾನು ದಿನವೂ ಟ್ರಾಮಿನಲ್ಲಿ ಹೋಗುವ ಪ್ರಾಣಿ. ಪರೀಕ್ಷೆಗೆ ಜೊತೆಗೆ ಬರುತ್ತೇನೆಂದಿದ್ದ ವಾಣಿಯ ನರ್ಸ್ ಗೆಳತಿಯ ಮಗುವಿಗೆ ಜ್ವರ ಬಂದು ಅವಳು ಬರಲಾರೆ ಎಂದಿದ್ದಳು. ನಾವು ಗೊತ್ತಿದ್ದ ಕನ್ನಡದವರಿಗೆಲ್ಲ ಫೋನ್ ಮಾಡಿದೆವು. ಊರಿನ ಆಚೆ ತುದಿಯ ಸ್ಯಾಂಟ್ರಿಯ ಗೆಳೆಯನಿಗೆ ಬೆಳಗ್ಗೆ ಮೀಟಿಂಗು, ಇಬ್ಬರಿಗೆ ಡ್ಯೂಟಿ, ಉಳಿದವರು ನಮ್ಮ ಹಾಗೆಯೇ ಎಲ್ ಬೋರ್ಡಿನ ಬಂಧುಗಳು.

"ಪಕ್ಕದ್ಮನೆ ಡೆಕ್ಲನ್‌ನ ಕೇಳೋಣ," ಎಂದಳು ವಾಣಿ.

"ಅವನನ್ನಾ?"

"ನನಗೆ ಬೇಕಾಗಿರೋದು ಅವನ ಲೈಸೆನ್ಸು, ಜಾತಕ ಅಲ್ಲ."

"ಮೊದ್ಲು ಪೂಜೆ ಮುಗೀಲಿ, ಆಮೇಲೆ ನೋಡೋಣ," ಎಂದು ನಾನು ತಪ್ಪಿಸಿಕೊಂಡೆ.

ಬೂದುಗುಂಬಳ ಇಂಡಿಯನ್ ಅಂಗಡಿಯಲ್ಲಿ ಮುಗಿದುಹೋಗಿತ್ತು. ಆದರೆ ಅಕ್ಟೋಬರಿನಲ್ಲಿ ಇಲ್ಲಿ ಹ್ಯಾಲೊವೀನಿಗೆಂದು ಸೂಪರ್‌ಮಾರ್ಕೆಟಿನ ಬಾಗಿಲಲ್ಲೇ ಕೇಸರಿ ಬಣ್ಣದ ಕುಂಬಳಕಾಯಿಗಳ ರಾಶಿ ಹಾಕಿರುತ್ತಾರೆ. ಇದ್ದುದರಲ್ಲಿ ದೊಡ್ಡದನ್ನು ತಂದೆ. ಸಂಜೆ ಐದಕ್ಕೆ ಜಿನುಗು ಮಳೆ, ಟೋಪಿ ಏರಿಸಿಕೊಂಡೆ. ಕೈಗೆ ಕುಂಕುಮ ಹತ್ತಿದರೆ ವಾರ ಹೋಗದು ಎಂದು ವಾಣಿ ತನ್ನ ಆಸ್ಪತ್ರೆಯ ರಬ್ಬರ್ ಗ್ಲೌಸು ತೊಡಿಸಿದಳು. ಅಮ್ಮನಿಗೆ ಎಲ್ಲ ಕಾಣಬೇಕಲ್ಲ, ವೀಡಿಯೋ ಕಾಲ್ ಹಚ್ಚಿ ಫೋನನ್ನು ಮಳೆ ತಾಗದ ಜಾಗ ಎಂದು ತೆರೆದ ಡಿಕ್ಕಿಯೊಳಗೆ ಅಕ್ಕಿ ಮೂಟೆಗೆ ಒರಗಿಸಿದೆ. ವಾಣಿ ಕರ್ಪೂರ ತರಲು ಒಳಗೆ ಹೋದಳು.

ಅಡುಗೆಮನೆಯ ದೊಡ್ಡ ಚಾಕುವಿನಿಂದ ಕುಂಬಳಕಾಯಿಯ ನೆತ್ತಿಯಲ್ಲಿ ಕಿಂಡಿ ಕೊರೆದು ಕುಂಕುಮ ತುಂಬಿದೆ. ಎಷ್ಟು ಎಂದು ಅಮ್ಮ ಹೇಳಿರಲಿಲ್ಲ. ವಾಣಿಯ ಪರೀಕ್ಷೆಯ ವಿಷಯ, ಕಡಿಮೆ ಬೀಳುವುದು ಬೇಡ ಎಂದು ಇಡೀ ಪೊಟ್ಟಣ ಸುರಿದು, ಚೆನ್ನಾಗಿ ಬೆರೆಯಲಿ ಎಂದು ಒಂದು ಚೊಂಬು ನೀರೂ ಹಾಕಿದೆ. ಎತ್ತಲು ಹೋದರೆ ಗ್ಲೌಸಿನಲ್ಲಿ ಕಾಯಿ ಜಾರಿತು. ಕರ್ಪೂರ ಬರುವ ಮೊದಲೇ, ಆರತಿಯಿಲ್ಲದೆ, ದಢ್ ಎಂದು ಬಿದ್ದು ಹೋಳಾಯಿತು. ಕೆಂಪು ನೀರು ನನ್ನ ತೋಳಿಗೆ ಚಿಮ್ಮಿ, ಕಾರಿನ ಬಂಪರಿಗೆ ಹಾರಿ, ಮಳೆನೀರಿನೊಂದಿಗೆ ಇಳಿಜಾರು ಹಿಡಿದು ಡೆಕ್ಲನ್‌ನ ಮನೆಯ ಕಡೆ ಹರಿಯತೊಡಗಿತು. ರೋಸಿ ಎಲ್ಲಿಂದಲೋ ಓಡಿ ಬಂದು ಅದರಲ್ಲಿ ನಾಲ್ಕು ಕಾಲೂ ಅದ್ದಿ, ಕುಂಬಳದ ಒಂದು ಹೋಳು ಕಚ್ಚಿಕೊಂಡು ಮನೆಗೆ ಮರಳಿತು. ಬಿಳಿ ನಾಯಿ, ಕೆಂಪು ಮೂತಿ.

ಡೆಕ್ಲನ್ ಬಾಗಿಲು ತೆರೆದ. ಟೋಪಿ ಏರಿಸಿದ್ದ. ನಾಯಿಯ ಮೂತಿ ನೋಡಿದ. ಹರಿದು ಬರುತ್ತಿದ್ದ ಕೆಂಪನ್ನು ನೋಡಿದ. ಅದರ ಜಾಡು ಹಿಡಿದು ಕಣ್ಣೆತ್ತಿ ತೆರೆದ ಡಿಕ್ಕಿ, ಚಾಕು, ಗ್ಲೌಸು, ಕಪ್ಪು ಹೂಡಿ, ಕೊನೆಗೆ ನನ್ನನ್ನು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆಯನ್ನು ನಾನು ಮೂರನೆಯ ಕ್ಲಾಸಿನಿಂದ ಕೇಳಿದ್ದೆ. ಅವತ್ತು ಯಾರೂ ಏನೂ ಅನ್ನುವ ಮೊದಲೇ ನನ್ನ ಕೈ ತಾನಾಗಿ ಹೆಗಲಿಗೆ ಹೋಗಿ ಅಲ್ಲೂ ಒಂದಿಷ್ಟು ಕೆಂಪು ಬಳಿಯಿತು.

ಡೆಕ್ಲನ್‌ಗೆ ಕನ್ನಡ ಬಾರದು. ಆದರೂ ಅವನ ಮಾತನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. ಅವನು ನಿಧಾನವಾಗಿ ನಡೆದು ಬಂದು, "ಎಲ್ಲಾ ಗ್ರ್ಯಾಂಡಾ?" ಎಂದು ಬಹಳ ಮೆತ್ತಗೆ ಕೇಳಿದ. ಇಲ್ಲಿಯವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಸರಿಯಾಗಿದೆ ಎಂದಷ್ಟೇ. ಆ ಮೆತ್ತನೆಯ ದನಿ ನನಗೆ ಚೆನ್ನಾಗಿ ಗೊತ್ತು. ಅದರ ಮುಂದಿನ ಮಾತು ಟೀ.

ಅಷ್ಟರಲ್ಲಿ ಡಿಕ್ಕಿಯೊಳಗಿನಿಂದ ಒಂದು ಹೆಣ್ಣುದನಿ ಕೂಗಿತು: "ಒಡೆದ್ಯೇನೋ? ಏನೂ ಕಾಣ್ತಿಲ್ಲ ನಂಗೆ."

ಡೆಕ್ಲನ್ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಧೈರ್ಯ ಮಾಡಿ ಡಿಕ್ಕಿಯೊಳಗೆ ಬಗ್ಗಿದ. ಅವನನ್ನು ತಡೆಯಲು ನಾನೂ ಬಗ್ಗಿದೆ. ಟೋಪಿ ಏರಿಸಿದ ಇಬ್ಬರು, ಮೇಲಿನಿಂದ ಕೆಳಗೆ. ಇಷ್ಟು ವರ್ಷ ನಾನು ಸಿನಿಮಾದಲ್ಲಿ ನೋಡಿದ ದೃಶ್ಯ ಅವತ್ತು ನಮ್ಮಮ್ಮನಿಗೆ ಮೈಸೂರಿನಲ್ಲಿ ಕಾಣಿಸಿತು. ಅವಳಿಗೆ ಒಂದಿಷ್ಟೂ ಭಯವಾಗಲಿಲ್ಲ.

"ಯಾರೋ ಅವರು? ಹಾಲಿನ ಬೂತಿಗೆ ಹೊರಟ ನಿಮ್ಮ ತಾತನ ಥರಾನೇ ಇದಾರಲ್ಲೋ," ಎಂದಳು.

ನಾನು ನೋಡಿದೆ. ನಿಜ. ಟೋಪಿಯ ಸುತ್ತಿನೊಳಗೆ ಚಳಿಗೆ ಕೆಂಪಾದ ಮೂಗು, ನೀರಾಡುವ ಎರಡು ಕಣ್ಣು. ನನಗೆ ನಗು ಬಂತು, ನಗು ತಡೆಯಲು ಹೋಗಿ ಬಿಕ್ಕಳಿಕೆ ಬಂತು. ಕರ್ಪೂರ ಹಿಡಿದು ಬಂದ ವಾಣಿ, ಇದು ಕಾರಿಗೆ ಮಾಡುವ ಪೂಜೆಯೆಂದೂ ಇದು ಬಣ್ಣದ ನೀರೆಂದೂ ವಿವರಿಸಿದಳು. ಡೆಕ್ಲನ್ ಪೂರ್ತಿ ಕೇಳಿಸಿಕೊಂಡ.

"ಕಾರಿಗಾ? ನಮ್ಮಮ್ಮ ನನ್ನ ವ್ಯಾನಿಗೆ ಚರ್ಚಿನ ನೀರು ಚಿಮುಕಿಸದೆ ಹೊರಡೋಕೇ ಬಿಡ್ತಿರ್ಲಿಲ್ಲ," ಎಂದ. ಆಮೇಲೆ ಟೋಪಿ ಹಿಂದಕ್ಕೆ ಸರಿಸಿ ಬೋಳುತಲೆ ಒರೆಸಿಕೊಂಡ. "ನಿಜ ಹೇಳ್ಲಾ? ನಿಮ್ಮ ಬಾಗಿಲ ಮುಂದೆ ಆಗಾಗ ಬಿಳಿ ಪುಡೀಲಿ ಏನೋ ಗುರುತು ಇರತ್ತೆ. ಡಿಕ್ಕಿಯಿಂದ ಮೂಟೆ ಇಳಿಸ್ತೀಯ. ನನ್ನ ಕಂಡ್ರೆ ಟೋಪಿ ಎಳ್ಕೊಂಡು ಓಡ್ತೀಯ. ಒಂದೂವರೆ ವರ್ಷದಿಂದ ನನ್ನ ತಮ್ಮಂಗೆ ಹೇಳ್ತಾ ಇದೀನಿ, ಆ ಮನೆಯವನ ಸಹವಾಸ ಬೇಡ ಅಂತ."

ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಮೆಚ್ಚುಗೆ ಅದು. ರಂಗೋಲಿ ಹಿಟ್ಟು, ಸೋನಾ ಮಸೂರಿ ಎಂದು ವಿವರಿಸಿದ ಮೇಲೆ ನಾನೂ ಟಾರ್ಪಾಲಿನ ವಿಷಯ, ನನ್ನ ಸಿನಿಮಾ ಹುಚ್ಚಿನ ವಿಷಯ ಬಾಯಿಬಿಟ್ಟೆ. ಡೆಕ್ಲನ್ ಬಿದ್ದು ಬಿದ್ದು ನಕ್ಕು, ನನ್ನನ್ನು ವ್ಯಾನಿನ ಹಿಂದೆ ಕರೆದುಕೊಂಡು ಹೋಗಿ ಸುರುಳಿಯ ಹಗ್ಗ ಬಿಚ್ಚಿದ. ಒಳಗೆ ಹಳದಿ, ನೀಲಿ ಬಣ್ಣದ ರಬ್ಬರು, ಹಲ್ಲು ಕಿರಿಯುವ ಒಂದು ಡ್ರ್ಯಾಗನ್. ಮಕ್ಕಳ ಹುಟ್ಟುಹಬ್ಬಕ್ಕೆ ಗಾಳಿ ತುಂಬಿ ನಿಲ್ಲಿಸಿದರೆ ಮೇಲೆ ಹತ್ತಿ ಕುಣಿಯುತ್ತಾರಲ್ಲ, ಆ ಕೋಟೆ. ಅದನ್ನು ಬಾಡಿಗೆಗೆ ಕೊಡುವುದೇ ಅವನ ಕೆಲಸ. ಮಕ್ಕಳು ಮೆತ್ತಿದ ಕೇಕು, ಐಸ್‌ಕ್ರೀಮಿಗೇ ಪ್ರತಿ ಶನಿವಾರ ಸಂಜೆ ವ್ಯಾನು ತೊಳೆಯಬೇಕು.

"ಮತ್ತೆ ಆ ಸಿನಿಮಾಗಳು ಇಂಗ್ಲೆಂಡಿನವರದ್ದು," ಎಂದು ಕೊಂಚ ಮುನಿಸಿನಿಂದ ಸೇರಿಸಿದ. "ಇದು ಐರ್ಲೆಂಡ್. ಅವರ ತಪ್ಪಿಗೆ ನಮ್ಮನ್ನ ಹೊಣೆ ಮಾಡ್ಬೇಡ."

ನಾನು ಸುತ್ತಿ ಬಳಸಿ ಹೇಗೆ ಕೇಳಲಿ ಎಂದು ಯೋಚಿಸುವಷ್ಟರಲ್ಲಿ ವಾಣಿ ನೇರವಾಗಿ ಕೇಳಿಬಿಟ್ಟಳು. ನಾಳೆ ಪರೀಕ್ಷೆ, ಪಕ್ಕದಲ್ಲಿ ಕೂರಲು ಯಾರೂ ಇಲ್ಲ, ಬರುತ್ತೀರಾ? ಡೆಕ್ಲನ್ ಎಷ್ಟು ಗಂಟೆಗೆ ಎಂದಷ್ಟೇ ಕೇಳಿದ.

ಮರುದಿನ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ರೋಸಿಯ ಕಾಲು ಇನ್ನೂ ಗುಲಾಬಿಯಾಗಿತ್ತು. ನಾಲ್ಕು ಚಕ್ರದ ಕೆಳಗಿನ ನಿಂಬೆಹಣ್ಣು ಪಟಪಟನೆ ಸಿಡಿದು ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ನಾನು ಕೂತಿದ್ದೆ. ದೊಡ್ಡ ಕೆಲಸಕ್ಕೆ ಹೊರಟ ಮೂವರು, ಮಾತಿಲ್ಲದ ಕಾರು, ಹೊರಗೆ ಸಿಮೆಂಟಿನ ಬಣ್ಣದ ಬೆಳಗು. ಇದೇ ಕೊನೆಯದು ಎಂದು ಯಾರೂ ಅನ್ನದಿರಲಿ ಎಂದು ನಾನು ಚಾಮುಂಡಿಯನ್ನು ಬೇಡಿಕೊಳ್ಳುತ್ತಿದ್ದೆ. ರೌಂಡ್‌ಅಬೌಟ್ ಬಂತು. ವಾಣಿ ಎಂದಿನಂತೆ ನಿಂತಳು. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಅವನು ಹೊಡ್ಕೊಳ್ಲಿ," ಎಂದ ಡೆಕ್ಲನ್. "ಆ ಕೆಂಪು ಕಾರು ಹೋಗ್ಲಿ. ಹೋಯ್ತಾ? ಈಗ ಈ ರಸ್ತೆ ನಿನ್ನದು. ನಡಿ." ವಾಣಿ ನಡೆದಳು.

ಪರೀಕ್ಷೆ ನಡೆಯುವಾಗ ನಾವಿಬ್ಬರೂ ಹೊರಗೆ ಗೋಡೆಗೆ ಒರಗಿ ನಿಂತೆವು. ಮುಕ್ಕಾಲು ಗಂಟೆ. ಡೆಕ್ಲನ್ ತಾನು ಮೊದಲ ಸಲ ಫೇಲಾದ ಕಥೆ ಹೇಳಿದ. ನನ್ನ ಕಿವಿಗೆ ಅದು ಬೀಳಲಿಲ್ಲ. ವಾಣಿ ಫೇಲಾದರೆ ನಾನು ಏನು ಹೇಳಬೇಕು ಎಂದು ಯೋಚಿಸುತ್ತಿದ್ದೆ. ಬಿಡು, ನಾವಿಬ್ಬರೂ ಒಟ್ಟಿಗೇ ಇರಬಹುದಲ್ಲ ಎನ್ನಬಹುದಿತ್ತು. ಅದು ಅರ್ಧ ನಿಜವೂ ಹೌದು. ಅದಕ್ಕೇ ನನ್ನ ಮೇಲೆ ನನಗೆ ನಾಚಿಕೆಯಾಯಿತು. ಅವಳು ಪಾಸಾಗಲಿ, ನನ್ನನ್ನು ಬಿಟ್ಟೇ ಹೋಗಲಿ ಎಂದು ಆ ಗೋಡೆಯ ಪಕ್ಕ ನಿಂತು ಮನಸಾರೆ ಬಯಸಿದೆ.

ಕೊನೆಗೆ ವಾಣಿ ಹೊರಗೆ ಬಂದಳು. ಮಳೆಗೆ ಜಾಕೆಟ್ಟಿನ ಟೋಪಿ ಏರಿಸಿದ್ದಳು. ಕೆಟ್ಟ ಸುದ್ದಿ ಎಂದುಕೊಂಡೆ. ಹತ್ತಿರ ಬಂದು, ನಮ್ಮಿಬ್ಬರನ್ನೂ ನೋಡಿ, ಟೋಪಿಯನ್ನು ಹಿಂದಕ್ಕೆ ತಳ್ಳಿದಳು. ಕೂದಲೆಲ್ಲ ಕೆದರಿತ್ತು, ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗು ಹರಡಿತ್ತು. ಡೆಕ್ಲನ್ ಅವಳಿಗಿಂತ ಮೊದಲು ಅತ್ತ. ಹಚ್ಚೆಯ ಕತ್ತಿನವರು ಹಾಗೆ ಅಳುವುದನ್ನು ನಾನು ಯಾವ ಸಿನಿಮಾದಲ್ಲೂ ನೋಡಿರಲಿಲ್ಲ. ಫೋನಿನಲ್ಲಿ ಅಮ್ಮ, "ನಾನು ಹೇಳ್ಲಿಲ್ವೇನೋ, ಎಲ್ಲಾ ಕುಂಬಳಕಾಯಿ ಮಹಿಮೆ," ಎಂದಳು. ಆರತಿಗೆ ಮೊದಲೇ ಬಿದ್ದು ಒಡೆದದ್ದನ್ನು ನಾನು ಇವತ್ತಿಗೂ ಅವಳಿಗೆ ಹೇಳಿಲ್ಲ.

ಜನವರಿಯ ಒಂದು ಬೆಳಗ್ಗೆ ವಾಣಿ ಹೊರಟಳು. ನನ್ನ ಆಫೀಸು ಇಲ್ಲೇ, ಎರಡು ವಾರಕ್ಕೊಮ್ಮೆ ಯಾರಾದರೊಬ್ಬರು ಬಂದು ಹೋಗುವುದೆಂದು ಮಾತಾಗಿತ್ತು. ಡಿಕ್ಕಿಯಲ್ಲಿ ಕುಕ್ಕರು, ದೋಸೆ ಹೆಂಚು, ಹುಳಿಪುಡಿ, ಒಂದು ಮೂಟೆ ಅಕ್ಕಿ. ಮುಚ್ಚುವ ಮೊದಲು ನಾನೂ ಡೆಕ್ಲನ್ನೂ ಬಗ್ಗಿ ಎಲ್ಲ ಬಂದಿದೆಯೇ ಎಂದು ನೋಡಿದೆವು. ಲೆಟರ್‌ಕೆನ್ನಿಯಿಂದ ಸ್ವಲ್ಪ ದೂರ ಹೋದರೆ ಸಮುದ್ರವಂತೆ. ಕಾರು ಬಡಾವಣೆಯ ತುದಿಯ ರೌಂಡ್‌ಅಬೌಟಿನಲ್ಲಿ ಒಂದು ಕ್ಷಣ ನಿಂತು, ತನ್ನ ಸರದಿ ನೋಡಿಕೊಂಡು ಹೊರಟುಹೋಯಿತು. ಊರು ಬಿಡುತ್ತೇನೆ ಎಂದವಳು ಊರು ಬಿಟ್ಟೇಬಿಟ್ಟಳು.

ನಾನು ಗೇಟು ಹಿಡಿದು ನಿಂತೇ ಇದ್ದೆ. ಡೆಕ್ಲನ್ ಟೋಪಿ ಏರಿಸಿಕೊಂಡು, ಬಹಳ ಮೆತ್ತಗೆ, "ಟೀ?" ಎಂದ. ಅವನ ಅಡುಗೆಮನೆಯಲ್ಲಿ ಕೂತೆ. ರೋಸಿ ನನ್ನ ಕಾಲ ಮೇಲೆ ಮಲಗಿತು. ಅವನು ಕೆಟಲ್‌ಗೆ ನೀರು ತುಂಬಿದ. ನೀರು ಕುದಿಯಿತು, ಕೆಟಲ್ ಕ್ಲಿಕ್ ಎಂದಿತು. ಯಾರಿಗೂ ಏನೂ ಆಗಲಿಲ್ಲ. ಬಿಸ್ಕತ್ತು ಬಂತು.